ದುಂದು ಬೆಲೆಯಲ್ಲಿಲ್ಲ, ಬಳಕೆಯಲ್ಲಿದೆ

ನಮ್ಮ ಬಂಧುವರ್ಗದಲ್ಲಿ ಯುವತಿಯೊಬ್ಬಳಿದ್ದಾಳೆ. ಮನೆಯಲ್ಲಿಯೇ ಕುಳಿತು ಪುಸ್ತಕಗಳ ಪುಟವಿನ್ಯಾಸ ಮಾಡಿ ಸಂಪಾದಿಸುತ್ತಾಳೆ. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪಿನ ಮುಂದೆ ದಿನಕ್ಕೆ ಎಂಟು ತಾಸು ಕುತ್ತಿಗೆ ಬಗ್ಗಿಸಿ ಕೂರುವ ಆಕೆಗೆ ಸಂಜೆಯಾಗುತ್ತಲೇ ತಲೆನೋವು, ಕಣ್ಣುರಿ. ತನ್ನದೇ ಹಣದಿಂದ ಇಪ್ಪತ್ತು ಸಾವಿರ ರೂಪಾಯಿಯ ಮಾನಿಟರ್ ಕೊಳ್ಳುವೆನೆಂದು ಆಕೆ ಹೇಳಿದಾಗ ಹಿರಿಯರೊಬ್ಬರು, "ಇರುವ ಕಂಪ್ಯೂಟರ್ ಸಾಲದೇ ಮಗಳೇ? ಇದು ಇಸ್ರಾಫ್ ಅಲ್ಲವೇ?" ಎಂದು ಕೇಳಿದರು. ಅದೇ ತಿಂಗಳು ಅದೇ ಮನೆಯ ಮದುವೆಯಲ್ಲಿ ವೇದಿಕೆಯ ಹೂವಿನ ಅಲಂಕಾರಕ್ಕೆ ಅದರ ಮೂರರಷ್ಟು ಹಣ ವ್ಯಯವಾಯಿತು. ಆಗ ಇಸ್ರಾಫ್ ಎಂಬ ಪದವು ಯಾರ ನಾಲಗೆಗೂ ಬರಲಿಲ್ಲ.

ದುಂದುವೆಚ್ಚ ಎಂದರೇನು? ಬೆಲೆ ಹೆಚ್ಚಾದರೆ ದುಂದು, ಕಡಿಮೆಯಾದರೆ ಮಿತವ್ಯಯ ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಕುರ್‌ಆನ್ ದುಂದುಗಾರಿಕೆಯನ್ನು ಖಂಡಿಸಿದೆ. ಅಷ್ಟೇ ಸ್ಪಷ್ಟವಾಗಿ ಜಿಪುಣತನವನ್ನೂ ಖಂಡಿಸಿದೆ. ಎರಡರ ನಡುವಿನ ಹಾದಿಯೇ ಮೆಚ್ಚುಗೆಯದ್ದು. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ದೇಹವನ್ನು ದಂಡಿಸತೊಡಗಿದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ ಪ್ರವಾದಿವರ್ಯರು(ಸ) ದೇಹದ ಹಕ್ಕಿನ ಜೊತೆಗೆ ಕಣ್ಣಿನ ಹಕ್ಕನ್ನೂ ನೆನಪಿಸಿದ್ದರು. ಆರಾಧನೆಯ ಹೆಸರಿನಲ್ಲಿಯೂ ಕಡೆಗಣಿಸಬಾರದ ಕಣ್ಣಿನ ಹಕ್ಕನ್ನು ಉಳಿತಾಯದ ಹೆಸರಿನಲ್ಲಿ ಕಡೆಗಣಿಸಬಹುದೇ?

ಬಡಗಿಯು ಒಳ್ಳೆಯ ಉಳಿ ಕೊಂಡರೆ ನಾವು ಆಕ್ಷೇಪಿಸುವುದಿಲ್ಲ. ದರ್ಜಿಯು ಹೊಲಿಗೆ ಯಂತ್ರ ಬದಲಿಸಿದರೆ ಶುಭ ಹಾರೈಸುತ್ತೇವೆ. ಆದರೆ ಮನೆಯೊಳಗೆ ಕುಳಿತು ದುಡಿಯುವ ಹೆಣ್ಣುಮಗಳ ಉಪಕರಣ ಮಾತ್ರ ನಮಗೆ ಶೋಕಿಯಾಗಿ ಕಾಣುತ್ತದೆ. ಆಕೆಯ ದುಡಿಮೆಯನ್ನು ದುಡಿಮೆಯೆಂದು ಎಣಿಸದ ಮನಸ್ಸೇ ಆಕೆಯ ಮಾನಿಟರನ್ನು ಆಟಿಕೆಯೆಂದು ಎಣಿಸಿತು. ಇದಕ್ಕೆ ಧರ್ಮದ ಹೊದಿಕೆ ಹೊದಿಸುವುದು ಧರ್ಮಕ್ಕೆ ಮಾಡುವ ಅನ್ಯಾಯ.

ಆಕೆಯ ಬೇಡಿಕೆಯನ್ನೇ ಪರಿಶೀಲಿಸೋಣ. ಪುಟವಿನ್ಯಾಸ ಮಾಡುವವರು ಎದುರುಬದುರಿನ ಎರಡು ಪುಟಗಳನ್ನು ಒಟ್ಟಿಗೆ ನೋಡಬೇಕು. ಒತ್ತಕ್ಷರವೊಂದು ಮೇಲಿನ ಅಕ್ಷರಕ್ಕೆ ಅಂಟಿದೆಯೇ ಎಂದು ಗುರುತಿಸಬೇಕು. 27 ಇಂಚಿನ ಪರದೆಯಲ್ಲಿ 1920 × 1080 ಚುಕ್ಕೆಗಳಷ್ಟೇ ಇದ್ದರೆ ಒಂದು ಇಂಚಿಗೆ ಸುಮಾರು 82 ಚುಕ್ಕೆಗಳು ಸಿಗುತ್ತವೆ. 2560 × 1440 ಇದ್ದರೆ ಸುಮಾರು 109. ಅಕ್ಷರವನ್ನೇ ನಂಬಿ ಬದುಕುವವರಿಗೆ ಈ ವ್ಯತ್ಯಾಸವು ಆಡಂಬರವಲ್ಲ, ಅಗತ್ಯ. ಪರದೆಯು ತೋಳಿನಳತೆಯ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತಿದ್ದರೆ ಕುತ್ತಿಗೆ ಬಗ್ಗಿಸುವ ಪ್ರಮೇಯವೂ ಇರುವುದಿಲ್ಲ.

ಆದರೆ ಮಾನಿಟರ್ ಕೊಂಡ ಮಾತ್ರಕ್ಕೆ ಕಣ್ಣಿನ ಎಲ್ಲ ತೊಂದರೆಯೂ ನೀಗುವುದಿಲ್ಲ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿರೆಂದು ನೇತ್ರತಜ್ಞರು ಹೇಳುತ್ತಾರೆ. ಈ ಮದ್ದಿಗೆ ಬೆಲೆಯಿಲ್ಲ. ನೀಲಿ ಬೆಳಕಿನ ಭಯ ಹುಟ್ಟಿಸಿ ಹೆಚ್ಚುವರಿ ಹಣ ಕೀಳುವವರನ್ನು ನಂಬಬೇಕಿಲ್ಲ. ಪರದೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಸ್ಪಷ್ಟಪಡಿಸಿದೆ.

ಇನ್ನು ಇದೇ ಬಂಧುವರ್ಗದ ಯುವಕನೊಬ್ಬನ ಕಡೆಗೆ ತಿರುಗೋಣ. ಆತನ ಕೆಲಸ ಲೆಕ್ಕಪತ್ರ ಬರೆಯುವುದು. ಆತನ ಹಳೆಯ ಮಾನಿಟರಿಗೆ ಯಾವ ಕುಂದೂ ಇರಲಿಲ್ಲ. ಆದರೂ ಸೆಕೆಂಡಿಗೆ 240 ಬಾರಿ ಚಿತ್ರ ಬದಲಿಸುವ ಬಾಗಿದ ಪರದೆಯನ್ನು ಕಂತಿನಲ್ಲಿ ತಂದಿಟ್ಟ. ಆ ವೇಗವು ಚುರುಕಿನ ಆಟಗಳನ್ನು ಆಡುವವರಿಗೆ ಉಪಯುಕ್ತ. ಅಂಕೆ ತುಂಬುವವನಿಗೆ ಸೆಕೆಂಡಿಗೆ 60 ಬಾರಿ ಧಾರಾಳವಾಗಿ ಸಾಕು. ಆತನನ್ನು ಯಾವ ಹಿರಿಯರೂ ಪ್ರಶ್ನಿಸಲಿಲ್ಲ. ಪ್ರಶ್ನಿಸಬೇಕಾದದ್ದು ಅಲ್ಲಿಯೇ ಇತ್ತು.

ಏಕೆಂದರೆ ಆತ ಕೊಂಡದ್ದು 'ನೋ ಕಾಸ್ಟ್ ಇಎಂಐ' ಎಂಬ ಸಾಲದಲ್ಲಿ. ಬಡ್ಡಿಯಿಲ್ಲದ ಸಾಲವೆಂದು ನಂಬಿ ನಮ್ಮ ಅನೇಕರು ಇದಕ್ಕೆ ಸಹಿ ಹಾಕುತ್ತಾರೆ. ಕ್ರೆಡಿಟ್ ಕಾರ್ಡಿನ ಇಂತಹ ಕಂತುಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಬ್ಯಾಂಕು ಬಡ್ಡಿಯನ್ನು ವಿಧಿಸುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರ ರಿಯಾಯಿತಿಯೆಂದು ಮೊದಲೇ ಕಳೆಯುತ್ತಾನೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿಯೂ ಬ್ಯಾಂಕಿನ ಶುಲ್ಕವೂ ಗ್ರಾಹಕನ ಹೆಗಲಿಗೆ ಬೀಳುತ್ತವೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿಯಿಂದ ದೂರವಿರಬೇಕೆಂದು ಬೋಧಿಸುವ ನಾವು, ಹೆಸರು ಬದಲಿಸಿಕೊಂಡು ಬಂದ ಬಡ್ಡಿಯನ್ನು ಬಾಗಿಲು ತೆರೆದು ಬರಮಾಡಿಕೊಳ್ಳುತ್ತಿಲ್ಲವೇ?

ಆತನ ಹಳೆಯ ಮಾನಿಟರ್ ಅಟ್ಟ ಸೇರಿತು. ನಾಳೆ ಗುಜರಿ ಸೇರಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಒಳಗಾದದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಸುಸ್ಥಿತಿಯಲ್ಲಿರುವ ಪರದೆಯನ್ನು ನೆರೆಯ ಬಡ ವಿದ್ಯಾರ್ಥಿಗೆ ಕೊಡಬಹುದಿತ್ತು ಎಂಬ ಆಲೋಚನೆಯೂ ಆತನಿಗೆ ಹೊಳೆಯಲಿಲ್ಲ.

ಆದ್ದರಿಂದ ಓದುಗರೇ, ಮಾನಿಟರ್ ಕೊಳ್ಳಬೇಕೇ ಬೇಡವೇ ಎಂಬುದಕ್ಕೆ ಬೆಲೆಚೀಟಿಯಲ್ಲಿ ಉತ್ತರ ಹುಡುಕಬೇಡಿ. ಇದು ಯಾವ ಕೆಲಸಕ್ಕೆ? ಇರುವುದರಿಂದ ಆ ಕೆಲಸ ನಿಜಕ್ಕೂ ಸಾಗುವುದಿಲ್ಲವೇ? ಹಣ ನನ್ನ ಕೈಯಲ್ಲಿದೆಯೇ, ಅಥವಾ ಬಡ್ಡಿಯ ಸಾಲವೇ? ಹಳೆಯದರ ಗತಿಯೇನು? ಈ ನಾಲ್ಕು ಪ್ರಶ್ನೆಗಳಿಗೆ ಅಳುಕಿಲ್ಲದೆ ಉತ್ತರಿಸಬಲ್ಲವರು ಕೊಳ್ಳಲಿ. ಅಂಥವರನ್ನು ದುಂದುಗಾರರೆನ್ನುವ ಹಕ್ಕು ಯಾರಿಗೂ ಇಲ್ಲ. ಉತ್ತರಿಸಲು ತಡವರಿಸುವವರು ಐದು ಸಾವಿರ ರೂಪಾಯಿಗೆ ಕೊಂಡರೂ ಅದು ದುಂದೇ.

ಆ ಯುವತಿ ಇನ್ನೂ ಮಾನಿಟರ್ ಕೊಂಡಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಾಗಿದ್ದಾಳೆ. ಆಕೆಯ ಆ ಮರ್ಯಾದೆಯನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳದಿರೋಣ. ಆಕೆಯ ನಾಲ್ಕು ಉತ್ತರಗಳೂ ಸಿದ್ಧವಾಗಿವೆ. ಮದುವೆ ವೇದಿಕೆಯ ಹೂವಿಗೆ ಹಣ ಎಣಿಸಿಕೊಟ್ಟ ನಮ್ಮಲ್ಲಿ ಅವುಗಳಲ್ಲಿ ಒಂದಾದರೂ ಇದೆಯೇ?