ಶವಪೆಟ್ಟಿಗೆಯಂತೆ!

"ಅತ್ತೆ, ಇದಕ್ಕೆ ಹುಡುಗರು 'ಗಾಜಿನ ಶವಪೆಟ್ಟಿಗೆ' ಅಂತಾರೆ" ಎಂದು ನಕ್ಕ ನನ್ನ ಅಣ್ಣನ ಮಗ. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಯ ಮೂಲೆಯಲ್ಲಿ, ಟ್ವಿನ್ ಪೀಕ್ಸ್ ಎಂಬ ಬಾರಿನ ಮುಂದೆ ನಿಂತಿದ್ದೆವು. ದೊಡ್ಡ ಕಿಟಕಿಯ ಹಿಂದೆ ನರೆತಲೆಯ ಗಂಡಸರು ಹರಟುತ್ತಿದ್ದರು. ಗೆಳೆಯನೊಂದಿಗೆ ಸಂಸಾರ ಹೂಡಿರುವ ಈ ಹುಡುಗನಿಗೂ ಮುದುಕರೆಂದರೆ ತಮಾಷೆ! ನನಗೆ ರೇಗಿತು.

ಆ ಗಾಜು ಸುಮ್ಮನೆ ಬಂದದ್ದೇ? ಪೊಲೀಸರಿಗೆ ಹೆದರಿ ಸಲಿಂಗಪ್ರೇಮಿಗಳ ಬಾರುಗಳು ಕಿಟಕಿ ಮುಚ್ಚಿಕೊಂಡಿರುತ್ತಿದ್ದ ಕಾಲದಲ್ಲಿ, 1972ರಲ್ಲಿ, ಬೀದಿಗೆ ಕಾಣುವಂತೆ ಇದನ್ನು ತೆರೆದವರು ಇಬ್ಬರು ಹೆಂಗಸರು. (ಹೆಂಗಸರು! ಇನ್ನೊಮ್ಮೆ ಓದಿಕೊಳ್ಳಿ.) ಅಂದು ಅಲ್ಲಿ ಮುಖ ತೋರಿಸಿ ಕೂತವರಿದ್ದರೆಂದೇ ಇವನಿಂದು ಗೆಳೆಯನ ಕೈಹಿಡಿದು ನಡೆಯುತ್ತಾನೆ. ಆಮೇಲೆ ಏಡ್ಸ್ ಬಂತು. 1996ರಲ್ಲಿ ಪರಿಣಾಮಕಾರಿ ಔಷಧಿಗಳು ಕೈಗೆಟುಕುವಷ್ಟರಲ್ಲಿ ಆ ಊರಿನ ಸಾವಿರಾರು ಮಂದಿ ಮಣ್ಣಾಗಿದ್ದರು. ಗೆಳೆಯರನ್ನೆಲ್ಲ ಹೂತು ಬಂದು ಉಳಿದವರು ಇವರು. ಅನೇಕರಿಗೆ ಮಕ್ಕಳಿಲ್ಲ, ಪಕ್ಕದಲ್ಲಿ ಕೂತು ಕೇಳಿದವನೇ ಮೊಮ್ಮಗ. ಹುಡುಗರು ಮಾತ್ರ ಕಿವಿ ಕಿತ್ತುಹೋಗುವ ಸಂಗೀತದಲ್ಲಿ ತಮ್ಮ ಓರಗೆಯವರೊಂದಿಗೇ ಕುಣಿಯುತ್ತಾರೆ. ಅಲ್ಲಿ ಯಾರ ಕಥೆ ಯಾರಿಗೆ ಕೇಳೀತು?

2013ರಲ್ಲಿ ನಗರದವರು ಈ ಕಟ್ಟಡವನ್ನು ಸ್ಮಾರಕವೆಂದು ಘೋಷಿಸಿದರು. ಗೋಡೆಗೆ ಸಿಕ್ಕ ಮರ್ಯಾದೆ ಒಳಗೆ ಕೂತವರಿಗೆ ಬೇಡವೇ?

"ಬಾ" ಎಂದು ಬಾಗಿಲು ತಳ್ಳಿದೆ. ನನ್ನ ಸೀರೆ ಕಂಡು ಒಬ್ಬ ತಾತ ಎದ್ದು ಕುರ್ಚಿ ಕೊಟ್ಟ. ಆಮೇಲೆ ಇವನ ಕಡೆ ತಿರುಗಿ ಊರು ಯಾವುದೆಂದು ಕೇಳಿದ. ಎರಡು ಗಂಟೆ ಕಳೆದರೂ ಇಬ್ಬರೂ ಏಳಲಿಲ್ಲ. ನನ್ನ ಕಿತ್ತಳೆ ರಸ ಎಂದೋ ಮುಗಿದಿತ್ತು.