ಸಿಂಹಾಸನ ಉರುಳಿತು, ಪೀಠಗಳು ಉಳಿದವು

1788ರ ಆಗಸ್ಟ್ ತಿಂಗಳಲ್ಲಿ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಭೇಟಿಯಾದರು. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದ ಹೈದರ್ ಅಲಿಯವರ ಪುತ್ರ ಬ್ರಿಟಿಷರ ವಿರುದ್ಧ ನೆರವು ಕೋರಿ ಕಳುಹಿಸಿದ್ದ ನಿಯೋಗವದು. ಸ್ವಾಗತ ಅದ್ದೂರಿಯಾಗಿಯೇ ನಡೆಯಿತು. ಆದರೆ ನೆರವು ನೀಡುವ ಶಕ್ತಿ ಆ ದೊರೆಗಿರಲಿಲ್ಲ. ರಾಜ್ಯದ ಖರ್ಚಿನ ಸುಮಾರು ಅರ್ಧಭಾಗವನ್ನು ಸಾಲದ ಹೊರೆಯೇ ನುಂಗುತ್ತಿತ್ತು. ವರ್ಷ ತುಂಬುವ ಮೊದಲೇ, 1789ರ ಜುಲೈ 14ರಂದು, ಪ್ಯಾರಿಸ್ಸಿನ ಜನ ಬಾಸ್ಟಿಲ್ ಕೋಟೆಗೆ ನುಗ್ಗಿದರು. 1792ರ ಸೆಪ್ಟೆಂಬರ್‌ನಲ್ಲಿ ರಾಜಪ್ರಭುತ್ವವೇ ರದ್ದಾಯಿತು. ಮರು ಜನವರಿಯಲ್ಲಿ ಲೂಯಿಯ ತಲೆ ಉರುಳಿತು.

ಹಸಿವು ಈ ಕ್ರಾಂತಿಯನ್ನು ತಂದಿತೆಂದು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡಲಾಗುತ್ತದೆ. ಅದು ಅರ್ಧಸತ್ಯ. 1788ರ ಆಲಿಕಲ್ಲು ಮಳೆ ಬೆಳೆಯನ್ನು ಹಾಳುಗೆಡವಿದ್ದು, ರೊಟ್ಟಿಯ ಬೆಲೆ ಕೂಲಿಯವನ ಗಳಿಕೆಯ ಬಹುಪಾಲನ್ನು ಕಬಳಿಸಿದ್ದು ನಿಜ. ಆದರೆ ಬರಗಾಲಗಳನ್ನು ಫ್ರಾನ್ಸ್ ಅದಕ್ಕೂ ಮೊದಲು ಕಂಡಿತ್ತು. ಜನರನ್ನು ಕೆರಳಿಸಿದ್ದು ಹಸಿವಿನ ಜೊತೆಗಿದ್ದ ಅನ್ಯಾಯ. ಎರಡು ಕೋಟಿ 80 ಲಕ್ಷದಷ್ಟಿದ್ದ ಜನಸಂಖ್ಯೆಯಲ್ಲಿ ಪುರೋಹಿತರು ಮತ್ತು ಕುಲೀನರು ಸೇರಿ ಶೇ. 2ನ್ನೂ ದಾಟುತ್ತಿರಲಿಲ್ಲ. ದೇಶದ ಸುಮಾರು ಹತ್ತನೇ ಒಂದು ಭಾಗದ ಭೂಮಿ ಚರ್ಚಿನ ಕೈಯಲ್ಲಿತ್ತು. ಇವರು ಮುಖ್ಯ ನೇರ ತೆರಿಗೆಯಿಂದ ಬಹುಮಟ್ಟಿಗೆ ವಿನಾಯಿತಿ ಪಡೆದಿದ್ದರು. ಭೂಕಂದಾಯ, ಉಪ್ಪಿನ ತೆರಿಗೆ, ಚರ್ಚಿನ ದಶಾಂಶ, ಜಮೀನ್ದಾರನ ಪಾಲು ಎಲ್ಲವೂ ಉಳುವವನ ಬೆನ್ನ ಮೇಲೆ ಬಿದ್ದಿದ್ದವು. 1789ರ ಮೇ ತಿಂಗಳಲ್ಲಿ, 175 ವರ್ಷಗಳ ಬಳಿಕ, ಮೂರು ವರ್ಗಗಳ ಮಹಾಸಭೆ ಸೇರಿದಾಗಲೂ ಹಳೆಯ ಪದ್ಧತಿಯಂತೆ ಪ್ರತಿ ವರ್ಗಕ್ಕೂ ಒಂದೊಂದೇ ಮತವೆಂದು ಮೇಲಿನವರು ಹಟ ಹಿಡಿದರು. ಇಬ್ಬರು ಒಂದಾದರೆ ಶೇ. 98ರಷ್ಟು ಜನರ ಧ್ವನಿ ಅಡಗುತ್ತಿತ್ತು. ಹೊಟ್ಟೆಗಿಲ್ಲದವನು ತೆರಿಗೆ ಕಟ್ಟಬೇಕು, ಉಂಡವನು ಕಟ್ಟಬೇಕಿಲ್ಲ, ಇದನ್ನು ಪ್ರಶ್ನಿಸಲು ಬಾಗಿಲೂ ಇಲ್ಲ. ಸಿಂಹಾಸನವನ್ನು ಉರುಳಿಸಿದ್ದು ಇದು.

ಹುಟ್ಟಿನಿಂದ ಬರುವ ವಿಶೇಷ ಹಕ್ಕು ಫ್ರಾನ್ಸಿಗೆ ಮೀಸಲಾದ ರೋಗವಲ್ಲ. ಕೋಲಾರ ತಾಲೂಕಿನ ವಕ್ಕಲೇರಿಯಲ್ಲಿ ದೊರೆತ ತಾಮ್ರಶಾಸನ ಇತಿಹಾಸಕಾರರಿಗೆ ಚಿರಪರಿಚಿತ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬ್ರಾಹ್ಮಣನೊಬ್ಬನಿಗೆ ಭೂದತ್ತಿ ನೀಡಿದ ದಾಖಲೆಯದು. ಅದರಲ್ಲಿನ ವಿಜಯಗಳ ವರ್ಣನೆಯನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ನೆಲವನ್ನು ಉತ್ತವರ ಒಪ್ಪಿಗೆ ಪಡೆದು ದತ್ತಿ ನೀಡಲಾಯಿತೇ ಎಂದು ಯಾರೂ ಕೇಳುವುದಿಲ್ಲ. ಶಾಸನ ಬರೆಸಿದ ವಂಶ ಕೆಲವೇ ವರ್ಷಗಳಲ್ಲಿ ರಾಷ್ಟ್ರಕೂಟರ ಮುಂದೆ ಮಣ್ಣುಗೂಡಿತು. ಆದರೆ ಅರಸನ ಕೃಪೆಯಿಂದ ನೆಲದ ಒಡೆತನ ಪಡೆಯುವ ಪದ್ಧತಿ ವಂಶಗಳು ಬದಲಾದರೂ ಇನಾಮಿನ ರೂಪದಲ್ಲಿ ಮುಂದುವರಿಯಿತು. ಮೈಸೂರಿನಲ್ಲಿ ಇನಾಮು ರದ್ದತಿಯ ಕಾನೂನು ಬಂದದ್ದು 1954ರಲ್ಲಿ.

ನಮ್ಮ ನಾಡಿನ ರೈತರೂ ದೊರೆಯ ವಿರುದ್ಧ ಎದ್ದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ತಂದುಕೊಡುವುದಾಗಿ ಶರತ್ತು ಬರೆದುಕೊಡಬೇಕಿತ್ತು. ಆ ಶರತ್ತಿನ ಭಾರ ಕೊನೆಗೆ ರೈತನ ಕಣಕ್ಕೆ ಬಂದು ಬೀಳುತ್ತಿತ್ತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ನಿರಾಕರಿಸಿದರು. ಸೈನ್ಯ ಬಂತು, ರಕ್ತ ಹರಿಯಿತು. 1831ರ ಅಕ್ಟೋಬರ್‌ನಲ್ಲಿ ಬೆಂಟಿಂಕ್ ದೊರೆಯ ಆಡಳಿತವನ್ನು ಕಿತ್ತುಕೊಂಡ. ಜನ ನ್ಯಾಯ ಕೇಳಿದ್ದರು, ಅವರಿಗೆ ದೊರೆತದ್ದು ಬ್ರಿಟಿಷ್ ಕಮಿಷನರ್. 50 ವರ್ಷಗಳ ಬಳಿಕ, 1881ರಲ್ಲಿ, ರಾಜ್ಯ ಮತ್ತೆ ಒಡೆಯರಿಗೇ ಮರಳಿತು.

ಎರಡನೆಯ ಹೋರಾಟದಲ್ಲಿ ಕೋಲಾರ ಮುಂಚೂಣಿಯಲ್ಲಿತ್ತು. 1938ರ ಏಪ್ರಿಲ್ 25ರಂದು, ಆಗ ಈ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜ ಹಿಡಿದು ನೆರೆದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಬೇಕಾಯಿತು. ಅಕ್ಟೋಬರ್ 25ರಂದು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಅರಮನೆಯ ಅಧಿಕಾರ ಜನರ ಕೈಗೆ ಬಂತು.

ಯಾವ ಜನರ ಕೈಗೆ? ಪ್ರಶ್ನೆ ಇರುವುದು ಇಲ್ಲಿ. 2000ದ ಮಾರ್ಚ್ 11ರಂದು, ಅಂದು ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲ ಹೇಳಿಕೆ ನೀಡಿದರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಗಳು ಬೂದಿಯಾದವು, ಶಿಕ್ಷೆ ಯಾರಿಗೂ ಆಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲೂಕಿನ ಹಳ್ಳಿಯೊಂದರಲ್ಲಿ ದಲಿತ ಬಾಲಕ ದೇವರ ಕೋಲನ್ನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತು. 2023ರ ಡಿಸೆಂಬರ್‌ನಲ್ಲಿ ಅದೇ ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಪ್ರಕರಣ ಬೆಳಕಿಗೆ ಬಂತು. ಸಿಂಹಾಸನ ಹೋಗಿ ಮುಕ್ಕಾಲು ಶತಮಾನ ಕಳೆದರೂ ಹಳ್ಳಿಯ ಪಂಚಾಯ್ತಿ ಕಟ್ಟೆಯ ಮೇಲಿನ ಚಿಕ್ಕ ಪೀಠಗಳು ಭದ್ರವಾಗಿವೆ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಎಂಬ ಈ ವೈರುಧ್ಯವನ್ನು ಬೇಗ ನಿವಾರಿಸದಿದ್ದರೆ ನೊಂದವರು ಪ್ರಜಾಪ್ರಭುತ್ವದ ಸೌಧವನ್ನೇ ಕೆಡವುವರೆಂದು ಡಾ. ಅಂಬೇಡ್ಕರ್ 1949ರ ನವೆಂಬರ್‌ನಲ್ಲಿ ಸಂವಿಧಾನ ಸಭೆಗೆ ಎಚ್ಚರಿಕೆ ನೀಡಿದ್ದರು. ಮಾಲೂರಿನ ಆ ದಂಡ ತೆರಬೇಕಿದ್ದ ಮನೆಯಲ್ಲಿ ದೇವರ ಪಟಗಳು ಕೆಳಗಿಳಿದು ಅಂಬೇಡ್ಕರರ ಚಿತ್ರ ಗೋಡೆಯೇರಿತು. ಆಳುವವರು ಓದಲೇಬೇಕಾದ ಗೋಡೆಯದು.

ಇಷ್ಟನ್ನು ಓದಿ, ಇದು ಪರರ ಮನೆಯ ರೋಗವೆಂದು ಸಮಾಧಾನಪಡುವ ಮುಸ್ಲಿಮರಿಗೆ ನಮ್ಮದೊಂದು ಪ್ರಶ್ನೆಯಿದೆ. ಅರಬನಿಗೆ ಅರಬೇತರನ ಮೇಲೆ ಶ್ರೇಷ್ಠತೆಯಿಲ್ಲವೆಂದು ಪ್ರವಾದಿ(ಸ) ತಮ್ಮ ವಿದಾಯ ಹಜ್ಜ್‌ನಲ್ಲಿ ಸಾರಿದರು. ಫ್ರಾನ್ಸ್ ಮಾನವ ಹಕ್ಕುಗಳ ಘೋಷಣೆ ಹೊರಡಿಸುವುದಕ್ಕೆ ಒಂದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗುಲಾಮಗಿರಿಯಿಂದ ಬಿಡುಗಡೆಗೊಂಡ ಬಿಲಾಲ್(ರ) ಕಅಬಾದ ಮೇಲೇರಿ ಅದಾನ್ ಕರೆದರು. ಈ ಪರಂಪರೆಯ ವಾರಸುದಾರರಾದ ನಾವು ಇಂದು ಹೇಗಿದ್ದೇವೆ? ನಮ್ಮಲ್ಲಿ ಅಶ್ರಫ್, ಅಜ್ಲಫ್, ಅರ್ಜಲ್ ಎಂಬ ಶ್ರೇಣಿಗಳಿರುವುದನ್ನು ಸಾಚಾರ್ ಸಮಿತಿ 2006ರಲ್ಲಿ ದಾಖಲಿಸಿತು. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರು ನಿಕಾಹ್‌ನ ಮಾತು ಬಂದಾಗ ಪಿಂಜಾರರ ಮನೆ ಎಂದು ಮುಖ ತಿರುಗಿಸುವುದಿಲ್ಲವೇ? ಮಸೀದಿ ಸಮಿತಿಗಳಲ್ಲಿ ತಖ್ವಾಕ್ಕಿಂತ ಥೈಲಿಯ ತೂಕಕ್ಕೆ ಬೆಲೆ ಸಲ್ಲುತ್ತಿಲ್ಲವೇ? ಬಡವರಿಗಾಗಿ ಹಿರಿಯರು ಬಿಟ್ಟುಹೋದ ವಕ್ಫ್ ಭೂಮಿಯ ಲೂಟಿಯ ಕುರಿತು ರಾಜ್ಯ ಅಲ್ಪಸಂಖ್ಯಾತರ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದರ ಲೆಕ್ಕದ ಬಗ್ಗೆ ವಾದಗಳಿರಬಹುದು. ಆದರೆ ಆ ಲೂಟಿಯಲ್ಲಿ ನಮ್ಮವರ ಕೈಯಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು?

ಸಂಪತ್ತು ಧನಿಕರ ನಡುವೆಯೇ ಸುತ್ತಬಾರದೆಂಬುದು ಕುರ್‌ಆನಿನ ಬೋಧನೆ. ಝಕಾತ್ ಬಡವನ ಹಕ್ಕು, ಅದು ಧನಿಕನ ಕೃಪೆಯಲ್ಲ. ರಮಝಾನಿನಲ್ಲಿ ಮನೆಯ ಬಾಗಿಲಲ್ಲಿ ವಿಧವೆಯರನ್ನು ಸಾಲಾಗಿ ನಿಲ್ಲಿಸಿ ಚಿಲ್ಲರೆ ಹಂಚುವವರು ಆ ಹಕ್ಕನ್ನು ಭಿಕ್ಷೆಯಾಗಿಸುತ್ತಿದ್ದಾರೆ.

ಫ್ರೆಂಚ್ ಕ್ರಾಂತಿಯನ್ನು ನಾವು ಆರಾಧಿಸಬೇಕಿಲ್ಲ. ಅದು ಗಿಲ್ಲೊಟಿನ್‌ಗೆ ಸಾವಿರಾರು ತಲೆಗಳನ್ನು ಕೊಟ್ಟಿತು. ಕೊನೆಗೆ ನೆಪೋಲಿಯನ್ ಎಂಬ ಸಾಮ್ರಾಟನ ಕೈಗೆ ಬಿತ್ತು. 1794ರಲ್ಲಿ ರದ್ದಾದ ವಸಾಹತುಗಳ ಗುಲಾಮಗಿರಿಯನ್ನು ಆತ 1802ರಲ್ಲಿ ಮರಳಿ ತಂದ. ಮೇಲಿನ ಪೀಠ ಕೆಡವಿದರೆ ಸಾಲದು, ಕೆಳಗಿನವುಗಳೂ ಹೋಗಬೇಕು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಹಾಗಾಗಿ ಕೋಲಾರದ ಪ್ರತಿ ಜಮಾಅತ್ ಈ ವರ್ಷದ ಝಕಾತ್ ಮತ್ತು ವಕ್ಫ್ ಆದಾಯದ ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಬರೆಯಲಿ. ಸಮಿತಿಯಲ್ಲಿ ಕೂಲಿಕಾರರಿಗೂ ಪಿಂಜಾರರಿಗೂ ಸ್ಥಾನ ಸಿಗಲಿ. ಹಳ್ಳಿಯಲ್ಲಿ ದಲಿತ ಕುಟುಂಬಕ್ಕೆ ದಂಡ ಬಿದ್ದ ದಿನ ಆ ಮನೆಯ ಬಾಗಿಲಿಗೆ ನಾವು ಹೋಗಬೇಕು, ಠಾಣೆಗೂ ನ್ಯಾಯಾಲಯಕ್ಕೂ ಅವರ ಜೊತೆ ನಡೆಯಬೇಕು. ಕಂಬಾಲಪಲ್ಲಿಯ ಸಾಕ್ಷಿಗಳ ಬೆನ್ನಿಗೆ ಯಾರೂ ನಿಲ್ಲಲಿಲ್ಲ. ಮುಂದಿನ ಸಾಕ್ಷಿಯ ಬೆನ್ನಿಗಾದರೂ ನಾವು ನಿಲ್ಲೋಣ.