ಲಾರಿಯಲ್ಲೊಂದು ರಸ್ತೆ ಅಟ್ಲಾಸ್ ಇರಲಿ

ಸರಕು ಸಾಗಣೆಯ ವೆಚ್ಚವು ಕೊನೆಗೆ ವಸ್ತುವಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ವಿಷಯ. ಆದರೆ ಆ ವೆಚ್ಚವನ್ನು ನಿರ್ಧರಿಸುವ ಮಾರ್ಗದ ಆಯ್ಕೆಯನ್ನು ಬಹುತೇಕ ಮಂಡಿ, ಕಾರ್ಖಾನೆಗಳಲ್ಲಿ ಚಾಲಕನ ಮೊಬೈಲಿಗೆ ಬಿಟ್ಟುಬಿಡಲಾಗಿದೆ. 2005ರಲ್ಲಿ ಗೂಗಲ್ ಮ್ಯಾಪ್ಸ್ ಆರಂಭವಾಗಿ, ಮುಂದೆ ಮೊಬೈಲುಗಳಲ್ಲಿ ಮನೆಮಾತಾದ ಮೇಲೆ ಮುದ್ರಿತ ರಸ್ತೆ ಅಟ್ಲಾಸ್ ಕ್ರಮೇಣ ವಾಹನಗಳಿಂದ ಮರೆಯಾಯಿತು. ಮೊಬೈಲಿನ ಉಪಯುಕ್ತತೆಯನ್ನು ಅಲ್ಲಗಳೆಯಬೇಕಾದ ಕಾರಣವಿಲ್ಲ. ಆದರೆ ಅಟ್ಲಾಸ್ ಮಾಡುತ್ತಿದ್ದ ಕೆಲಸವನ್ನು ಅದು ಪೂರ್ಣವಾಗಿ ಮಾಡುತ್ತಿದೆಯೇ ಎಂಬುದು ವಿಚಾರಾರ್ಹ.

ಚಿತ್ರದುರ್ಗ ಜಿಲ್ಲೆಯು ರಸ್ತೆಗಳ ಕೂಡುನೆಲ. ಬೆಂಗಳೂರಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಚಿತ್ರದುರ್ಗದಿಂದ ಹೊಸಪೇಟೆ, ವಿಜಯಪುರಗಳ ಕಡೆಗೆ ಹೆದ್ದಾರಿ 50 ಹೊರಡುತ್ತದೆ. ಹೊಳಲ್ಕೆರೆಯ ಮೂಲಕ ಶಿವಮೊಗ್ಗಕ್ಕೆ ಹೆದ್ದಾರಿ 369 ಇದೆ. ಬಳ್ಳಾರಿ, ಚಳ್ಳಕೆರೆಗಳಿಂದ ಬರುವ ಹೆದ್ದಾರಿ 150ಎ ಹಿರಿಯೂರಿನಲ್ಲಿ 48ನ್ನು ದಾಟಿ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲಗಳ ಮೂಲಕ ಶ್ರೀರಂಗಪಟ್ಟಣವನ್ನು ಸೇರುತ್ತದೆ. ಚಳ್ಳಕೆರೆಯ ಎಣ್ಣೆ ಮೈಸೂರಿಗೆ ಹೋಗಬೇಕಾದರೆ ಬೆಂಗಳೂರಿನ ದಟ್ಟಣೆಯನ್ನು ಹೊಗಲೇಬೇಕೆಂದಿಲ್ಲ ಎಂಬುದು ಅಟ್ಲಾಸಿನ ಒಂದು ಪುಟ ತೆರೆದೊಡನೆ ಗೋಚರವಾಗುತ್ತದೆ. ಅಂಗೈಯಗಲದ ಪರದೆಯು ಮುಂದಿನ ತಿರುವನ್ನು ತೋರಿಸುವುದರಲ್ಲಿ ನಿಪುಣ. ಪ್ರದೇಶದ ಒಟ್ಟು ಸ್ವರೂಪವನ್ನು ಹೆಸರುಗಳ ಸಹಿತ ಒಮ್ಮೆಗೇ ಕಣ್ಣೆದುರು ಹಾಸಲು ಅದಕ್ಕೆ ಸ್ಥಳ ಸಾಲದು.

ಊರ ಹೆಸರುಗಳ ಗೊಂದಲವೂ ಕಡಿಮೆಯಲ್ಲ. ತೆಂಗು, ಅಡಿಕೆಯ ವಹಿವಾಟಿಗೆ ಹೆಸರಾದ ಹೊಸದುರ್ಗ ಈ ಜಿಲ್ಲೆಯಲ್ಲಿದ್ದರೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕಾಞಂಗಾಡಿನ ತಾಲೂಕಿಗೂ ಹೊಸದುರ್ಗವೆಂದೇ ಹೆಸರು. ಇದು ಸಾಲದೆಂಬಂತೆ ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣವು ಹೊಸದುರ್ಗ ಪಟ್ಟಣದಲ್ಲಿಲ್ಲ. ಬೀರೂರು–ಚಿಕ್ಕಜಾಜೂರು ಮಾರ್ಗದಲ್ಲಿ, ಪಟ್ಟಣದಿಂದ ದೂರದಲ್ಲಿದೆ. ಅವಸರದಲ್ಲಿ ಹೆಸರನ್ನು ಒತ್ತಿ ಹೊರಟ ಹೊರರಾಜ್ಯದ ಚಾಲಕನು ಎಲ್ಲಿಗೆ ತಲುಪಬಹುದೆಂದು ಊಹಿಸುವುದು ಕಷ್ಟವಲ್ಲ. ಅಟ್ಲಾಸಿನ ಸೂಚಿಯಲ್ಲಿ ಒಂದೇ ಹೆಸರಿನ ಊರುಗಳು ಒಂದರ ಕೆಳಗೊಂದು ಮುದ್ರಿತವಾಗಿರುತ್ತವೆ. ಪುಟ ಮತ್ತು ಚೌಕಗಳು ಬೇರೆಯಾಗಿರುವುದರಿಂದ ಹೊರಡುವ ಮುನ್ನವೇ ಸಂದೇಹ ನಿವಾರಣೆಯಾಗುತ್ತದೆ.

ಇನ್ನು, ಸಾಮಾನ್ಯ ಬಳಕೆಯ ಮಾರ್ಗದರ್ಶಿ ತಂತ್ರಾಂಶಗಳು ಕಾರು, ಬೈಕುಗಳನ್ನು ಗಮನದಲ್ಲಿಟ್ಟು ದಾರಿ ಹುಡುಕುತ್ತವೆ. ಲೋಡಾದ ಲಾರಿಯ ಎತ್ತರ, ತೂಕಗಳು ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಹೊಸದುರ್ಗದಿಂದ ಕಡೂರು, ಚಿಕ್ಕಮಗಳೂರು, ಮೂಡಿಗೆರೆಗಳ ಮೂಲಕ ಮಂಗಳೂರಿನತ್ತ ಹೋಗುವ ದಾರಿ ಪರದೆಯ ಮೇಲೆ ನೇರವಾಗಿ ಕಂಡೀತು. ಆದರೆ ಆ ದಾರಿಯಲ್ಲಿರುವ ಚಾರ್ಮಾಡಿ ಘಾಟಿಯಲ್ಲಿ 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಸಂಚಾರವೇ ನಿಂತಿತು. ಬಳಿಕ ಭಾರೀ ವಾಹನಗಳಿಗೆ ನಿರ್ಬಂಧ ಬಂದಿತು. ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿ ಘಾಟಿ ಹಿಡಿಯುವ ಪರ್ಯಾಯವನ್ನು ಮೊದಲೇ ಅರಿತಿರುವ ಚಾಲಕನು ಘಾಟಿಯ ಬಾಗಿಲಿನವರೆಗೆ ಹೋಗಿ ಹಿಂದಿರುಗುವ ಡೀಸೆಲನ್ನು ಉಳಿಸುತ್ತಾನೆ.

ದೂರದ ಲೆಕ್ಕಕ್ಕೆ ಈಗ ಕಾನೂನಿನ ಮಹತ್ವವೂ ಉಂಟು. ಇ-ವೇ ಬಿಲ್ಲಿನ ಅವಧಿಯು 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ 200 ಕಿ.ಮೀ.ವರೆಗೆ ಒಂದು ದಿನ, ಅನಂತರ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಇನ್ನೊಂದು ದಿನ ಎಂದು ನಿಗದಿಯಾಗಿದೆ. ಅಳತೆ ಮೀರಿದ ಸರಕಿಗೆ ಈ ಮಿತಿ ಕೇವಲ 20 ಕಿ.ಮೀ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ. ಇರುವುದರಿಂದ ಇಲ್ಲಿನ ವರ್ತಕರ ಲೋಡುಗಳು ಅನೇಕ ವೇಳೆ ಈ ಗೆರೆಯ ಮೇಲೆಯೇ ನಿಲ್ಲುತ್ತವೆ. ಪಿನ್‌ಕೋಡಿನ ಆಧಾರದಲ್ಲಿ ಬರುವ ದೂರವನ್ನು ಗುಮಾಸ್ತನು ಅಟ್ಲಾಸಿನೊಡನೆ ತಾಳೆ ನೋಡುವುದು ಐದು ನಿಮಿಷದ ಕೆಲಸ. 10 ಲಕ್ಷಕ್ಕೆ 1ರ ಪ್ರಮಾಣದ ನಕಾಶೆಯಲ್ಲಿ 1 ಸೆಂ.ಮೀ. ಎಂದರೆ 10 ಕಿ.ಮೀ.; ರಸ್ತೆಯ ಮೇಲೆ ದಾರ ಹಿಡಿದು ಅಳೆದರೂ ಬಾಡಿಗೆಯ ಅಂದಾಜು ದೊರೆಯುತ್ತದೆ. ಸುತ್ತುಬಳಸಿದ ದಾರಿಗೆ ಹೆಚ್ಚು ಬಾಡಿಗೆ ತೆರುವುದೂ, ಅರಿಯದೆ ಕಡಿಮೆ ದರಕ್ಕೆ ಒಪ್ಪಿ ನಷ್ಟಕ್ಕೊಳಗಾಗುವುದೂ ಇದರಿಂದ ತಪ್ಪುತ್ತದೆ.

ಅಟ್ಲಾಸಿಗೂ ಮಿತಿಗಳಿವೆ. ಮುದ್ರಣವಾದ ದಿನಕ್ಕೇ ಅದರ ತಿಳಿವಳಿಕೆ ನಿಂತುಹೋಗುತ್ತದೆ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳು ಬದಲಾದವು. ಹಳೆಯ ಪ್ರತಿಯಲ್ಲಿ ಇಂದಿನ 48 ಇನ್ನೂ ನಾಲ್ಕನೆಯ ಹೆದ್ದಾರಿಯಾಗಿಯೂ, ಚಿತ್ರದುರ್ಗ–ಹೊಸಪೇಟೆ ಮಾರ್ಗವು ಹದಿಮೂರನೆಯದಾಗಿಯೂ ಇರುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳೂ ಬದಲಾದವು. ಹೊಸ ಸಂಖ್ಯೆಗಳಿಗೊಂದು ಕ್ರಮವಿದೆ: ಮುಖ್ಯ ಹೆದ್ದಾರಿಗಳಲ್ಲಿ ಉತ್ತರ–ದಕ್ಷಿಣವಾಗಿ ಸಾಗುವವು ಸಮಸಂಖ್ಯೆ, ಪೂರ್ವ–ಪಶ್ಚಿಮವಾದವು ಬೆಸಸಂಖ್ಯೆ, ಮೂರಂಕಿಯವು ಕೊನೆಯ ಎರಡಂಕಿಯ ಹೆದ್ದಾರಿಯ ಶಾಖೆಗಳು. 369 ಎಂಬುದು 69ರ ಶಾಖೆ, 150ಎ ಎಂಬುದು 50ರ ಶಾಖೆ. ಇಷ್ಟನ್ನು ಚಾಲಕರಿಗೆ ಕಲಿಸಿದರೆ ಮೈಲಿಗಲ್ಲೇ ಅರ್ಧ ದಾರಿ ಹೇಳುತ್ತದೆ. ಕೊಳ್ಳುವಾಗ ಮುದ್ರಣದ ವರ್ಷ ನೋಡುವುದು ಮಾತ್ರ ಅವಶ್ಯ.

ಅಂದಂದಿನ ಸ್ಥಿತಿಯನ್ನು ಅಟ್ಲಾಸ್ ಹೇಳಲಾರದು. 1933ರ ತರುವಾಯ 2022ರಲ್ಲಿ ವಾಣಿವಿಲಾಸ ಸಾಗರವು ಕೋಡಿ ಬಿದ್ದಂತಹ ದಿನ ವೇದಾವತಿಯ ಯಾವ ಸೇತುವೆ ದಾಟಬಹುದೆಂದು ಯಾವ ಮುದ್ರಿತ ಪುಟವೂ ತಿಳಿಸದು. ಮೊಬೈಲೂ ಸದಾ ತಿಳಿಸುತ್ತದೆಂಬ ಭರವಸೆಯಿಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ, ಮೊಬೈಲ್ ತೋರಿದ ದಾರಿಯಲ್ಲಿ ಸಾಗಿತ್ತೆಂದು ವರದಿಯಾದ ಕಾರು ತುಂಡಾದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಅಪರಿಚಿತ ದಾರಿಯಲ್ಲಿ ವಾಹನ ನಿಲ್ಲಿಸಿ ಊರವರನ್ನು ಕೇಳುವ ಹಳೆಯ ಪದ್ಧತಿಗೆ ಎರಡೂ ಬದಲಿಯಲ್ಲ. ಆದರೆ ಊರುಗಳ ಹೆಸರು, ದಿಕ್ಕುಗಳನ್ನು ಮುಂಚಿತವಾಗಿ ನೋಡಿಕೊಂಡ ಚಾಲಕನಿಗೆ ಏನು ಕೇಳಬೇಕೆಂಬುದು ಗೊತ್ತಿರುತ್ತದೆ.

ಹೊರಡುವ ಮುನ್ನ ಅಟ್ಲಾಸ್, ಹೊರಟ ಮೇಲೆ ಮೊಬೈಲ್, ಸಂದೇಹ ಬಂದಲ್ಲಿ ಜನರ ಮಾತು: ಈ ಕ್ರಮವು ಖರ್ಚಿನದಲ್ಲ. ಆದರೆ ಮಾರುಕಟ್ಟೆಯಲ್ಲಿ ದೊರೆಯುವ ಅಟ್ಲಾಸುಗಳು ಬಹುಪಾಲು ಇಂಗ್ಲಿಷಿನವು. ಸ್ಟೀರಿಂಗ್ ಹಿಡಿಯುವ ಕೈ ಓದುವುದು ಕನ್ನಡವನ್ನು. ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು, ಲಾರಿ ಮಾಲೀಕರ ಸಂಘಗಳು ಹಾಗೂ ಎ.ಪಿ.ಎಂ.ಸಿ. ವರ್ತಕರು ಕೈಜೋಡಿಸಿ ಆರೂ ತಾಲೂಕುಗಳ ರಸ್ತೆಗಳು, ರೈಲ್ವೆ ಕೆಳಸೇತುವೆಗಳ ಎತ್ತರ, ದುರ್ಬಲ ಸೇತುವೆಗಳು, ವೇಬ್ರಿಡ್ಜುಗಳು, ರಾತ್ರಿ ತೆರೆದಿರುವ ಪೆಟ್ರೋಲ್ ಬಂಕುಗಳನ್ನು ಗುರುತಿಸಿದ ಕನ್ನಡ ಕೈಪಿಡಿಯೊಂದನ್ನು ಹೊರತಂದು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಸಾಧ್ಯವಿಲ್ಲದ ಮಾತಲ್ಲ. ಬೇಕಾದ ಮಾಹಿತಿಯೆಲ್ಲ ಈ ದಾರಿಗಳಲ್ಲಿ ದಿನವೂ ಓಡಾಡುವ ಚಾಲಕರ ತಲೆಯಲ್ಲಿಯೇ ಇದೆ. ಅವರನ್ನು ಕೂರಿಸಿ ಬರೆಸಿಕೊಳ್ಳುವ ಕಾರ್ಯಕ್ಕೆ ಸಂಸ್ಥೆಗಳು ಮುಂದಾಗಬೇಕಾಗಿದೆ.